ಉಪಗ್ರಹದ ಕಣ್ಣಿಗೆ ಸಕಲೇಶಪುರ ಕತ್ತಲೆ

2011ರಿಂದ ವಿಯರ್ಸ್ ಎಂಬ ಉಪಕರಣ ಹೊತ್ತ ಅಮೆರಿಕದ ಉಪಗ್ರಹಗಳು ರಾತ್ರಿ ಸುಮಾರು 1.30ಕ್ಕೆ ನಮ್ಮ ಮೇಲೆ ಹಾದು ಭೂಮಿಯ ದೀಪಗಳನ್ನು ಅಳೆಯುತ್ತಿವೆ. ಆ ಚಿತ್ರದಲ್ಲಿ ಮಂಗಳೂರು ಝಗಮಗ. ಶಿರಾಡಿ ಘಾಟಿ ಏರಿದರೆ ಸಕಲೇಶಪುರ, ಆಲೂರು ಬೆಟ್ಟಗಳು ಬಹುತೇಕ ಕಪ್ಪು. ಕಪ್ಪೆಂದರೆ ಜನರಿಲ್ಲವೆಂದಲ್ಲ. ಚಿತ್ರದ ಒಂದು ಚುಕ್ಕೆ ಮುಕ್ಕಾಲು ಕಿಲೋಮೀಟರ್ ಅಗಲ. ಕಾಫಿ ತೋಟದ ಲೈನ್ ಮನೆಯ ಒಂಟಿ ಬಲ್ಬು ಆ ಹೊತ್ತಿಗೆ ಆರಿರುತ್ತದೆ. ಉರಿದರೂ ಮರಗಳಡಿ ಕಾಣದು. ಬಿಳಿ ಎಲ್‌ಇಡಿಯ ನೀಲಿ ಬೆಳಕಂತೂ ಈ ಉಪಕರಣಕ್ಕೆ ಗೋಚರಿಸುವುದೇ ಇಲ್ಲ. ಆದರೂ ಅಭಿವೃದ್ಧಿಯನ್ನು ಇಂಥ ಚಿತ್ರಗಳಿಂದ ಅಳೆಯುವ ರೂಢಿ ಬೆಳೆದಿದೆ!

2023ರ ಡಿಸೆಂಬರಿನಲ್ಲಿ ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ, ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಸತ್ತಾಗ ನಾಡೇ ಮರುಗಿತು. ಕಾಡಾನೆ ತಿರುಗುವ ದಾರಿಯಲ್ಲೇ ಕೆಲಸಕ್ಕೆ ನಡೆಯುವ ಕಾರ್ಮಿಕರಿಗೆ ದೀಪ ಎಲ್ಲಿ ಬೇಕೆಂದು ಪಂಚಾಯಿತಿಯವರು ಲೈನ್ ಮನೆಗಳಿಗೇ ಹೋಗಿ ಕೇಳಬೇಕು.