ಸಾರಥ್ಯದ ಪೀಠಕ್ಕೆ ಬೆಲೆ

ಮಕ್ಕಳಿಗಾಗಿ ಎಷ್ಟು ಹಣವನ್ನು, ಎಲ್ಲಿಯವರೆಗೆ, ಯಾವ ನಂಬಿಕೆಯ ಮೇಲೆ ವೆಚ್ಚ ಮಾಡಬೇಕೆಂಬ ಪ್ರಶ್ನೆ ಪ್ರತಿಯೊಬ್ಬ ಗೃಹಸ್ಥನನ್ನೂ ಒಂದಿಲ್ಲೊಂದು ದಿನ ಎದುರಿಸುವುದು. ಕಳೆದ ತಿಂಗಳು ಚಳ್ಳಕೆರೆಯಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಎರಡು ದಿನ ಉಳಿದಿದ್ದಾಗ ಈ ಪ್ರಶ್ನೆಯು ನಾವು ಎಂದೂ ಎಣಿಸದಿದ್ದ ವೇಷವನ್ನು ತೊಟ್ಟು ಬಂದಿತು. ಮಿತ್ರರದು ಎರಡು ತಲೆಮಾರುಗಳ ಶೇಂಗಾ ಎಣ್ಣೆಯ ವ್ಯಾಪಾರ. ಅವರ ಹನ್ನೆರಡು ವರ್ಷದ ಮಗನು ರಜೆಯ ದಿನಗಳಲ್ಲಿ ಬೆಂಗಳೂರಿನ ಬಂಧುಗಳ ಮನೆಗೆ ಹೋಗಿ, ಕಾರ್ಟ್ ಎಂಬ ಪುಟ್ಟ ಪಂದ್ಯದ ಗಾಡಿಯನ್ನು ಓಡಿಸಲು ಕಲಿತಿರುವನು. ಹುಡುಗನ ಕೈ ಚೆನ್ನಾಗಿದೆಯೆಂದು ಅಲ್ಲಿ ಕಲಿಸುವವರು ಹೇಳಿರುವರಂತೆ. ಆದರೆ ಅವನನ್ನು ಹೊರದೇಶದ ಪಂದ್ಯಗಳಿಗೆ ಕಳುಹಿಸಬೇಕಾದರೆ ಬಳ್ಳಾರಿ ರಸ್ತೆಯಲ್ಲಿರುವ ನಿವೇಶನವನ್ನು ಮಾರಬೇಕು. ಮಾರೋಣವೆಂದು ತಂದೆ, ಅದು ಮಗಳ ಓದಿಗೆಂದು ಇಟ್ಟುದೆಂದು ತಾಯಿ.

ಹುಡುಗನ ಸೋದರಮಾವಂದಿರು ಮೊಳಕಾಲ್ಮೂರಿನವರು. ರೇಷ್ಮೆ ಸೀರೆಯ ಮಗ್ಗವನ್ನು ನಂಬಿ ಬದುಕಿದವರು. ಅಂದು ಅವರೂ ಬಂದಿದ್ದರು. ಎಲ್ಲರ ಮಾತನ್ನೂ ಕೇಳಿ, ಕೊನೆಗೆ ಒಂದೇ ಪ್ರಶ್ನೆಯನ್ನು ಕೇಳಿದರು: “ಭಾವ, ಅಲ್ಲಿ ಚೆನ್ನಾಗಿ ಓಡಿಸುವವನಿಗೆ ಕೂಲಿ ಕೊಡುತ್ತಾರೋ, ಇಲ್ಲ ಓಡಿಸುವವನೇ ದುಡ್ಡು ಕೊಡಬೇಕೋ?”

ಎರಡೂ ಉಂಟು ಎಂದು ನಾವು ಹೇಳಬೇಕಾಯಿತು. ಆ ಉತ್ತರವನ್ನು ಇಲ್ಲಿ ಕೊಂಚ ವಿಸ್ತರಿಸಿ ಹೇಳುವುದರಿಂದ ಇತರ ಗೃಹಸ್ಥರಿಗೂ ಪ್ರಯೋಜನವಾದೀತೆಂದು ನಂಬಿದ್ದೇವೆ.

ಮೋಟಾರು ಪಂದ್ಯಗಳಲ್ಲಿ ಫಾರ್ಮುಲಾ ಒನ್ ಎಂಬುದು ಎಲ್ಲಕ್ಕೂ ಮೇಲಿನ ಮೆಟ್ಟಿಲು. 2017ರಿಂದ 2025ರವರೆಗೆ ಅಲ್ಲಿದ್ದುದು ಹತ್ತು ತಂಡಗಳು. ತಂಡಕ್ಕೆ ಇಬ್ಬರಂತೆ ಜಗತ್ತಿಗೆಲ್ಲ ಇಪ್ಪತ್ತೇ ಸೀಟುಗಳು. 2026ರಲ್ಲಿ ಹನ್ನೊಂದನೆಯ ತಂಡವೊಂದು ಸೇರಿ ಇಪ್ಪತ್ತೆರಡಾದವು. ಒಂದೊಂದು ತಂಡದಲ್ಲಿಯೂ ನೂರಾರು ಮಂದಿ ಕೆಲಸ ಮಾಡುವರು. ವೆಚ್ಚಕ್ಕೆ ಒಂದು ಮಿತಿಯನ್ನು ಮೊದಲಬಾರಿಗೆ ವಿಧಿಸಿದ್ದು 2021ರಲ್ಲಿ. ಆ ಮಿತಿಯೇ ವರ್ಷಕ್ಕೆ 14.5 ಕೋಟಿ ಡಾಲರು! ಪಂದ್ಯಮಾಲೆಯ ಆದಾಯವನ್ನು ತಂಡಗಳು ಗಳಿಸಿದ ಸ್ಥಾನವನ್ನು ನೋಡಿ ಹಂಚುವುದರಿಂದ, ಹಿಂದೆ ಬಿದ್ದ ತಂಡಕ್ಕೆ ಕಡಮೆ ಹಣ ಬರುವುದು. ಕಡಮೆ ಹಣ ಬಂದ ತಂಡವು ಒಂದು ಸೀಟನ್ನು ಹಣ ತರುವವನಿಗೆ ಕೊಡುವುದು. ಅವನು ನಿಧಾನಿಯಾದರೆ ತಂಡ ಇನ್ನಷ್ಟು ಹಿಂದೆ ಬೀಳುವುದು. ಬಿತ್ತನೆಯ ಕಾಯನ್ನೇ ಹುರಿದು ತಿಂದ ರೈತನ ಸ್ಥಿತಿ ಇದು. ಹಸಿದವನಿಗೆ ಅದು ತಿಳಿಯದೆಂದಲ್ಲ; ಆ ಹೊತ್ತಿಗೆ ಅವನಿಗೆ ಬೇರೆ ದಾರಿ ಇರುವುದಿಲ್ಲ.

ಹಣ ಕೊಟ್ಟು ಕುಳಿತವರೆಲ್ಲರೂ ಅಯೋಗ್ಯರೆಂದು ತೀರ್ಮಾನಿಸುವುದು ಸುಲಭ. ಆದರೆ ಚರಿತ್ರೆ ಅಷ್ಟು ಸರಳವಾಗಿಲ್ಲ. ಆಸ್ಟ್ರಿಯಾ ದೇಶದ ನಿಕಿ ಲೌಡಾ ಎಂಬಾತನು ಸಿರಿವಂತರ ಮನೆಯವನಾದರೂ ಮನೆಯವರ ಒಪ್ಪಿಗೆಯಿಲ್ಲದೆ ಬ್ಯಾಂಕಿನಿಂದ ಸಾಲ ತೆಗೆದು, ಆ ಹಣದಿಂದ ತಂಡಗಳಲ್ಲಿ ಸ್ಥಾನವನ್ನು ಕೊಂಡನು. ಆತನೇ 1975, 1977 ಮತ್ತು 1984ರಲ್ಲಿ ಜಗತ್ತಿನ ಚಾಂಪಿಯನ್ ಆದನು. 1991ರಲ್ಲಿ ಜಾರ್ಡನ್ ಎಂಬ ತಂಡದ ಚಾಲಕನೊಬ್ಬನು ಲಂಡನ್ನಿನಲ್ಲಿ ಸೆರೆಮನೆಗೆ ಹೋದುದರಿಂದ ಒಂದು ಸೀಟು ತೆರವಾಯಿತು. ಮರ್ಸಿಡಿಸ್ ಸಂಸ್ಥೆಯವರು ಹಣ ತೆತ್ತು ತಮ್ಮ ತರುಣನೊಬ್ಬನನ್ನು ಬೆಲ್ಜಿಯಂ ದೇಶದ ಪಂದ್ಯದಲ್ಲಿ ಅಲ್ಲಿ ಕೂರಿಸಿದರು. ಆ ತರುಣನು ಪಂದ್ಯದ ಹಿಂದಿನ ವೇಗಪರೀಕ್ಷೆಯಲ್ಲಿ ಏಳನೆಯವನಾಗಿ ಬಂದನು. ಮುಂದೆ ಏಳು ಸಲ ಚಾಂಪಿಯನ್ ಆದ ಮೈಕೇಲ್ ಶುಮಾಕರ್ ಅವನೇ.

ಈ ಜಾರ್ಡನ್ ತಂಡದ ಮುಂದಿನ ಕಥೆಯು ನಮ್ಮ ನಾಡಿಗೂ ಸಂಬಂಧಪಟ್ಟುದು. 2005ರಲ್ಲಿ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಅವರು ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದದ್ದು ಇದೇ ತಂಡದಲ್ಲಿ, ಟಾಟಾ ಸಂಸ್ಥೆಯ ಬೆಂಬಲದಿಂದ. ಅವರು ಅದಕ್ಕೆ ಮೊದಲೇ ಬ್ರಿಟನ್ನಿನ ಕೆಳಹಂತದ ಪಂದ್ಯಗಳನ್ನು ಗೆದ್ದು ತೋರಿಸಿದ್ದವರು, ಹಣವೊಂದರಿಂದಲೇ ಬಂದವರಲ್ಲ. ತಂಡವು ಅನಂತರ ಎರಡು ಸಲ ಕೈ ಬದಲಾಯಿಸಿತು. 2007ರಲ್ಲಿ ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯರು ಪಾಲುದಾರರೊಡನೆ ಅದನ್ನು ಕೊಂಡರು. 2008ರಿಂದ ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಾಯಿತು.

ಹೆಸರಿನಲ್ಲಿ ಇಂಡಿಯಾ ಇದ್ದರೂ ಪಂದ್ಯದ ಸೀಟಿನಲ್ಲಿ ಭಾರತೀಯನು ಒಮ್ಮೆಯೂ ಕುಳಿತುಕೊಳ್ಳಲಿಲ್ಲ. 2011ರ ಅಕ್ಟೋಬರ್ 30ರಂದು ದೆಹಲಿಯ ಬಳಿಯ ಗ್ರೇಟರ್ ನೋಯಿಡಾದಲ್ಲಿ ನಮ್ಮ ದೇಶದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆದಾಗ ಆ ತಂಡದ ಗಾಡಿಗಳನ್ನು ನಡೆಸಿದವರು ಜರ್ಮನಿಯ ಸುಟಿಲ್ ಮತ್ತು ಸ್ಕಾಟ್ಲೆಂಡಿನ ಡಿ ರೆಸ್ಟಾ. ಕಾರ್ತಿಕೇಯನ್ ಅವರು ಬೇರೊಂದು ತಂಡದಲ್ಲಿದ್ದರು. ಅನೇಕರಿಗೆ ಇದು ನೋವನ್ನುಂಟುಮಾಡಿತು. ಮಲ್ಯರ ಇತರ ವ್ಯವಹಾರಗಳ ವಿಚಾರ ಇಲ್ಲಿ ಬೇಡ. ಆದರೆ ದೇಶದವನೆಂಬ ಒಂದೇ ಕಾರಣಕ್ಕೆ ಸೀಟು ಕೊಡದಿದ್ದುದು ತಪ್ಪೆಂದು ನಮಗೆ ತೋರುವುದಿಲ್ಲ. ಆ ತಂಡವೇ 2011ರಲ್ಲಿ ದೇಶದ ಹುಡುಗರನ್ನು ಕಾರ್ಟ್‌ಗಳಲ್ಲಿ ಪರೀಕ್ಷಿಸಿ ಕೆಲವರನ್ನು ಆರಿಸಿತು. ಅವರಲ್ಲೊಬ್ಬರಾದ ಬೆಂಗಳೂರಿನ ಅರ್ಜುನ್ ಮೈನಿ ಅವರು 2018ರಲ್ಲಿ ಫಾರ್ಮುಲಾ ಟೂವರೆಗೆ ಏರಿದರು. ಅವರ ತಮ್ಮ ಕುಶ್ ಮೈನಿ ಅವರು 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ ಟೂ ಪಂದ್ಯವೊಂದನ್ನು ಗೆದ್ದರು. ಅಲ್ಲಿ ಹಾಗೆ ಗೆದ್ದ ಮೊದಲ ಭಾರತೀಯರು ಅವರು. ಸಹೋದರರಿಬ್ಬರೂ ಉದ್ಯಮಿಗಳ ಮನೆತನದವರು. ಮನೆಯಲ್ಲಿ ಅನುಕೂಲವಿಲ್ಲದಿದ್ದರೆ ಈ ಹಾದಿಯ ಮೊದಲ ಮೈಲಿಯೂ ಸಾಗದು. ಆದರೆ ಅನುಕೂಲವಿದ್ದ ಎಲ್ಲರೂ ಮೊನಾಕೊದಲ್ಲಿ ಗೆಲ್ಲಲಾರರು.

ಇನ್ನು ಮುಖ್ಯವಾದ ಘಟನೆಗೆ ಬರೋಣ. ಫೋರ್ಸ್ ಇಂಡಿಯಾದಲ್ಲಿ 2018ರಲ್ಲಿ ಇಬ್ಬರು ಚಾಲಕರಿದ್ದರು: ಮೆಕ್ಸಿಕೋ ದೇಶದ ಸೆರ್ಜಿಯೊ ಪೆರೆಜ್ ಮತ್ತು ಫ್ರಾನ್ಸಿನ ಎಸ್ತೆಬಾನ್ ಓಕಾನ್. ಪೆರೆಜ್ ತನ್ನ ದೇಶದ ಧನಿಕರ ಬೆಂಬಲದಿಂದ ಮೇಲೆ ಬಂದವನು. ಓಕಾನ್ ಬಡಗೃಹಸ್ಥರ ಮಗ. ಅವನ ತಾಯಿತಂದೆಗಳು ಮನೆಯನ್ನು ಮಾರಿ ಮಗನ ಪಂದ್ಯಕ್ಕೆ ಹಾಕಿದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ತಂಡದ ಸಾಲ ಮಿತಿಮೀರಿತು. ತನಗೆ ಬರಬೇಕಾಗಿದ್ದ ಹಣಕ್ಕಾಗಿ ಪೆರೆಜ್ ನ್ಯಾಯಾಲಯಕ್ಕೆ ಹೋದುದರಿಂದ ತಂಡವು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಹಾಗಾಗದಿದ್ದರೆ ಅದು ಪೂರ್ತಿಯಾಗಿ ಮುಚ್ಚಿ ನಾನೂರಕ್ಕೂ ಮಿಕ್ಕ ನೌಕರರು ಬೀದಿಗೆ ಬೀಳುತ್ತಿದ್ದರು. ಕೆನಡಾದ ಧನಿಕ ಲಾರೆನ್ಸ್ ಸ್ಟ್ರೋಲ್ ಎಂಬವರು ತಮ್ಮ ಕೂಟದೊಡನೆ ಅದನ್ನು ಕೊಂಡರು. ಅವರ ಮಗ ಲ್ಯಾನ್ಸ್ ಸ್ಟ್ರೋಲ್ ಕೂಡ ಚಾಲಕನೇ. ಮರುವರ್ಷ ಆ ಮಗನಿಗೆ ಸೀಟಾಯಿತು. ಓಕಾನನಿಗೆ ಇಡೀ 2019ರಲ್ಲಿ ಎಲ್ಲಿಯೂ ಪಂದ್ಯದ ಸೀಟು ಸಿಗಲಿಲ್ಲ.

2020ರಲ್ಲಿ ಪೆರೆಜ್‌ನ ಸರದಿ ಬಂದಿತು. ಹೆಸರಾಂತ ಚಾಲಕ ವೆಟೆಲ್ ಬರುವನೆಂದು ಅವನನ್ನು ಬಿಟ್ಟರು; ಒಡೆಯರ ಮಗ ಉಳಿದನು. ಆ ವರ್ಷದ ಡಿಸೆಂಬರ್ 6ರಂದು ಬಹರೇನ್ ದೇಶದ ಸಖೀರ್ ಪಂದ್ಯ. ಮೊದಲ ಸುತ್ತಿನಲ್ಲಿಯೇ ಪೆರೆಜ್‌ನ ಗಾಡಿಗೆ ಮತ್ತೊಂದು ತಗುಲಿ ಅವನು ಎಲ್ಲರಿಗಿಂತ ಹಿಂದಾದನು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ, ತನ್ನ 190ನೆಯ ಪಂದ್ಯದಲ್ಲಿ ಮೊದಲ ಜಯವನ್ನು ಪಡೆದನು. ಎರಡನೆಯವನು ಯಾರು? ಸೀಟು ಕಳೆದುಕೊಂಡು ಮತ್ತೊಂದು ತಂಡಕ್ಕೆ ಮರಳಿ ಬಂದಿದ್ದ ಓಕಾನ್. ಮೂರನೆಯವನು? ಒಡೆಯರ ಮಗ ಸ್ಟ್ರೋಲ್. ಒಂದೇ ಮನೆಯ ವ್ಯಾಜ್ಯದ ಮೂವರು ಕಕ್ಷಿಗಾರರು ಒಂದೇ ಜಗಲಿಯ ಮೇಲೆ ನಿಂತಂತಾಯಿತು! ಸ್ಟ್ರೋಲ್ ಕೂಡ ನಿಷ್ಪ್ರಯೋಜಕನಲ್ಲ. 2016ರಲ್ಲಿ ಯೂರೋಪಿನ ಫಾರ್ಮುಲಾ ತ್ರೀ ಚಾಂಪಿಯನ್, 2020ರ ತುರ್ಕಿಯ ಪಂದ್ಯಕ್ಕೆ ಮಳೆಯಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸಾಲಿನಲ್ಲಿ ನಿಂತವನು. ಆದರೆ ಸೋತ ವರ್ಷದಲ್ಲಿಯೂ ಅವನ ಸೀಟಿಗೆ ಭಯವಿರಲಿಲ್ಲ. ಗೆಲ್ಲುವ ಕೈಯುಳ್ಳ ಪೆರೆಜ್‌ಗೆ ಆ ನಿರ್ಭಯವಿರಲಿಲ್ಲ. ಅನ್ಯಾಯವಿರುವುದು ಇಲ್ಲಿ.

ನಮ್ಮ ದೃಷ್ಟಿಯಲ್ಲಿ ಈ ಹಣ ಮೂರು ಬಗೆಯದು. ಕೈಯುಳ್ಳವನಿಗೆ ಬಾಗಿಲನ್ನು ತೆರೆಯುವುದು ಒಂದು. ಲೌಡಾನ ಸಾಲ ಅಂತಹುದು. ಮತ್ತೊಬ್ಬನ ಕೈಯನ್ನು ಗುರುತಿಸಿ ಬೇರೆಯವರು ತೊಡಗಿಸುವುದು ಎರಡನೆಯದು; ಲೂಯಿ ಹ್ಯಾಮಿಲ್ಟನ್ನನ ತಂದೆ ಒಂದಕ್ಕಿಂತ ಹೆಚ್ಚು ಉದ್ಯೋಗ ಮಾಡಿ ಮಗನ ಕಾರ್ಟಿಗೆ ಹಣ ಹೊಂದಿಸುತ್ತಿದ್ದಾಗ ಮೆಕ್‌ಲಾರೆನ್ ತಂಡವು ಹುಡುಗನನ್ನು ಬಾಲ್ಯದಲ್ಲಿಯೇ ಆಶ್ರಯಿಸಿದ್ದು ಹೀಗೆ. ಇದು ನಮ್ಮವರಿಗೆ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಶಿಷ್ಯನಾಗಿದ್ದ ಕುವೆಂಪು ಅವರಲ್ಲಿ ಕವಿಯನ್ನು ಕಂಡವರು. ಕುವೆಂಪು ತಮ್ಮ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಮೂರನೆಯದು, ಕೈಯಿಲ್ಲದವನನ್ನು ಕೂರಿಸಿ ಕೈಯುಳ್ಳವನನ್ನು ಎಬ್ಬಿಸುವ ಹಣ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ರಾಜಕುಮಾರನೆಂದು ರಥವೇರಿದವನು ಕೌರವಸೇನೆಯನ್ನು ಕಂಡು ಇಳಿದೋಡಿದಾಗ ವಿರಾಟನ ಮಾನ ಉಳಿಸಿದವನು ಸಾರಥಿಯಾಗಿ ಬಂದಿದ್ದ ಬೃಹನ್ನಳೆ. 2016ರಿಂದ ಫಾರ್ಮುಲಾ ಒನ್ ಪ್ರವೇಶಿಸುವವನಿಗೆ ಸಾಮಾನ್ಯವಾಗಿ ಹದಿನೆಂಟು ವರ್ಷ ತುಂಬಿರಬೇಕು, ಕೆಳಹಂತದ ಪಂದ್ಯಗಳಲ್ಲಿ ನಲವತ್ತು ಅಂಕಗಳನ್ನು ಗಳಿಸಿರಬೇಕು ಎಂದು ನಿಯಮ ಮಾಡಿರುವುದರಿಂದ ಶುದ್ಧ ಉತ್ತರಕುಮಾರರು ಈಗ ಒಳಗೆ ಬರುವುದು ಕಷ್ಟ.

ಚಳ್ಳಕೆರೆಯ ನೆರೆಯ ನಾಯಕನಹಟ್ಟಿಯಲ್ಲಿ ಫಾಲ್ಗುಣದ ತೇರಿನ ದಿನ ಮುಕ್ತಿಬಾವುಟವನ್ನು ಹರಾಜು ಹಾಕುವುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಸಿರಿವಂತರು ಪೈಪೋಟಿಯಿಂದ ಕೂಗಿ ಅದನ್ನು ಪಡೆಯುವರು, ಹಣ ದೇವಸ್ಥಾನಕ್ಕೆ ಸೇರುವುದು, ಯಾರಿಗೂ ಅಸಮಾಧಾನವಿಲ್ಲ. ಏಕೆಂದರೆ ಹರಾಜಾಗುವುದು ಬಾವುಟ ಮಾತ್ರ. ತೇರಿನ ಹಗ್ಗವನ್ನು ಯಾರೂ ಕೂಗಿ ಕೊಳ್ಳುವುದಿಲ್ಲ. ಗಾಲಿಗೆ ಅಡ್ಡಮರ ಕೊಟ್ಟು ದಿಕ್ಕು ಕಾಯುವ ಕೆಲಸವನ್ನಂತೂ ಬಲ್ಲವರಿಗೇ ಬಿಡುವರು. ಗಾಡಿಯ ಮೈಮೇಲೆ ಧನಿಕನ ಹೆಸರನ್ನು ಬರೆಯಿಸುವುದು ಬಾವುಟದ ಹರಾಜಿನಂತೆ, ಅದಕ್ಕೆ ಆಕ್ಷೇಪವಿಲ್ಲ. ಚಕ್ರವನ್ನೇ ಹರಾಜು ಹಾಕಬಾರದು. ಮಾಡಿದಷ್ಟು ನೀಡು ಭಿಕ್ಷೆ ಎಂದು ಅಲ್ಲಿನ ತಿಪ್ಪೇರುದ್ರಸ್ವಾಮಿಗಳು ಹೇಳಿದರೆಂದು ಜನ ನಂಬಿರುವ ಮಾತು ಇದಕ್ಕೂ ಸಲ್ಲುವುದು.

ಇಷ್ಟನ್ನು ಕೇಳಿ ಮಿತ್ರರು, “ಹಾಗಾದರೆ ನಾನು ನಿವೇಶನ ಮಾರಲೋ ಬೇಡವೋ?” ಎಂದರು. ಮಾವಂದಿರು, “ಭಾವ, ಮಗ್ಗದ ಮುಂದೆ ಸಾಹುಕಾರನ ಮಗನೂ ಕೂರಬಹುದು. ಸೀರೆ ಬಿಡಿಸಿದಾಗ ಯಾರು ಕೂತಿದ್ದರು ಅನ್ನುವುದು ತಿಳಿಯುತ್ತದೆ. ಮೊದಲು ನಾಲ್ಕು ಮೊಳ ನೇಯಲಿ” ಎಂದರು. ನಮ್ಮ ಸಲಹೆಯೂ ಅದೇ ಆಯಿತು. ಎಲ್ಲರಿಗೂ ಒಂದೇ ಬಗೆಯ ಗಾಡಿಯನ್ನು ಕೊಡುವ ಪಂದ್ಯಗಳು ನಮ್ಮ ದೇಶದಲ್ಲಿಯೇ ಉಂಟು. ಅಲ್ಲಿ ತಂದೆಯ ಹಣ ವೇಗವನ್ನು ಹೆಚ್ಚಿಸದು. ಎರಡು ವರ್ಷ ಹುಡುಗನು ಅಲ್ಲಿ ಓಡಿಸಲಿ. ವೆಚ್ಚವನ್ನು ವರ್ಷದ ಲಾಭದಿಂದ ಕೊಡಬೇಕು, ಆಸ್ತಿಯಿಂದಲ್ಲ. ಮಗಳ ಪಾಲನ್ನು ಮುಟ್ಟಕೂಡದು. ಅವಳ ಕೈಯಲ್ಲಿ ಏನಿದೆಯೆಂದು ಈ ಮನೆಯಲ್ಲಿ ಇನ್ನೂ ಯಾರೂ ಪರೀಕ್ಷಿಸಿಲ್ಲವಷ್ಟೆ. ಓಕಾನನ ತಾಯಿತಂದೆಗಳು ಮನೆ ಮಾರಿದ್ದರಲ್ಲವೇ ಎಂದು ಮಿತ್ರರು ಕೇಳಿದರು. ನಿಜ, ಅವನು 2021ರಲ್ಲಿ ಹಂಗೇರಿಯ ಪಂದ್ಯವನ್ನು ಗೆದ್ದನು ಕೂಡ. ಆದರೆ ಮನೆ ಮಾರಿಯೂ ಗೆಲ್ಲದವರ ಕಥೆಯನ್ನು ಯಾರೂ ಬರೆಯುವುದಿಲ್ಲ.

ತಾಯಿ ಅಲ್ಲಿಯವರೆಗೂ ಸುಮ್ಮನಿದ್ದವರು ಆಗ ಕೇಳಿದರು: “ಎರಡು ವರ್ಷ ಆದ ಮೇಲೆ ಕೈಲಾಗದು ಅಂತ ಗೊತ್ತಾದರೆ ಅವನಿಗೆ ಹೇಳುವವರು ಯಾರು?”

ಮಿತ್ರರು ಉತ್ತರ ಕೊಡಲಿಲ್ಲ. ಹುಡುಗನು ಬಾಗಿಲ ಬಳಿಯಲ್ಲಿಯೇ ನಿಂತಿದ್ದನು. ಮಾವಂದಿರು ಅವನನ್ನು ಹತ್ತಿರ ಕರೆದು ಕೂರಿಸಿಕೊಂಡು, “ಅಕ್ಕ, ಅದನ್ನು ನಾನು ಹೇಳುತ್ತೇನೆ. ಬಲ್ಲವನೆಂದು ಗೊತ್ತಾದರೂ ನಾನೇ ಬಂದು ಹೇಳುತ್ತೇನೆ” ಎಂದರು.