ಇರುವೆ ಬಂದರೆ ನಾವೇಕೆ ತಲೆ ತಗ್ಗಿಸಬೇಕು?

ಮನೆಗೆ ನೆಂಟರು ಬಂದಿದ್ದಾರೆ. ಕಾಫಿಗೆ ಸಕ್ಕರೆ ಹಾಕಲು ಡಬ್ಬದ ಮುಚ್ಚಳ ತೆಗೆಯುತ್ತೀರಿ. ಒಳಗೆ ಸಕ್ಕರೆಗಿಂತ ಇರುವೆಯೇ ಹೆಚ್ಚು! ಅತ್ತ ಹಾಲು ಉಕ್ಕುತ್ತಿದೆ, ಇತ್ತ ನೆಂಟರ ಪೈಕಿ ಒಬ್ಬಾಕೆ ಅಡುಗೆಮನೆಯ ಬಾಗಿಲಿಗೇ ಬಂದು ನಿಂತಿದ್ದಾರೆ. "ಅಯ್ಯೋ, ನಿಮ್ಮನೇಲೂ ಇರುವೆ ಕಾಟವೇ?" ಎಂದರೆ ಆಕೆ ನಮ್ಮವಳು ಎಂದು ಸಮಾಧಾನ. "ನಮ್ಮನೇಲಿ ಇರುವೆ ಅಂದ್ರೆ ಏನೂಂತ್ಲೇ ಗೊತ್ತಿಲ್ಲಪ್ಪ" ಎಂದರೋ, ಮುಗಿಯಿತು. ಆ ದಿನವಿಡೀ ನಾವು ಮಾಡಿದ ಹೋಳಿಗೆ, ಕೋಸಂಬರಿ ಎಲ್ಲವೂ ಆ ಒಂದು ಮಾತಿನ ಮುಂದೆ ಸಪ್ಪೆ.

ನನ್ನ ತಕರಾರು ಇರುವೆಯ ಮೇಲಲ್ಲ. ಅದು ಅದರ ಹೊಟ್ಟೆಪಾಡು ನೋಡಿಕೊಳ್ಳುತ್ತದೆ. ನನ್ನ ತಕರಾರು ಇರುವುದು, ಇರುವೆ ಕಂಡ ಕೂಡಲೇ ಆ ಮನೆಯ ಹೆಂಗಸಿನ ಮುಖ ನೋಡುವವರ ಮೇಲೆ. ಗೋಡೆಯಲ್ಲಿ ಬಿರುಕು ಬಿಟ್ಟರೆ "ಮನೆ ಹಳೆಯದು" ಎನ್ನುತ್ತಾರೆ. ಚಾವಣಿ ಸೋರಿದರೆ "ಮಳೆ ಜಾಸ್ತಿ" ಎನ್ನುತ್ತಾರೆ. ಅದೇ ಬಿರುಕಿನಿಂದ ಇರುವೆ ಬಂದರೆ ಮಾತ್ರ "ಮನೆ ಹೆಂಗಸು ಚೊಕ್ಕಟವಿಲ್ಲ"! ಇದ್ಯಾವ ನ್ಯಾಯ?

ನಾನು ಮೈಸೂರಿನ ಈ ಮನೆಗೆ ಸೊಸೆಯಾಗಿ ಬಂದದ್ದು 1979ರಲ್ಲಿ. ನಮ್ಮ ಮಾವನವರು 1954ರಲ್ಲಿ ಕಟ್ಟಿಸಿದ ಮನೆ. ಗಾರೆ ಗೋಡೆ, ಕೆಂಪು ನೆಲ, ಮರದ ಕಿಟಕಿ, ಹಿತ್ತಲಲ್ಲಿ ಕರಿಬೇವು, ದಾಸವಾಳ. ನೋಡಿದವರೆಲ್ಲ "ಎಷ್ಟು ತಂಪಾಗಿದೆ!" ಎಂದು ಹೊಗಳುವ ಮನೆ. ಬಂದ ಮೊದಲ ತಿಂಗಳಲ್ಲೇ ಬೆಲ್ಲದ ಜಾಡಿಗೆ ಇರುವೆ ಮುತ್ತಿತು. ನಮ್ಮತ್ತೆ ಕೂಗಾಡಲಿಲ್ಲ. "ನಾನೊಬ್ಬಳೇ ಇದ್ದಾಗ ಇಷ್ಟೊಂದು ಇರಲಿಲ್ಲವಮ್ಮ" ಎಂದರು, ಅಷ್ಟೆ. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಅಂದಿನಿಂದ ರಾತ್ರಿ ಹನ್ನೊಂದಕ್ಕೂ ಒಲೆಕಟ್ಟೆ ಒರೆಸಿದೆ. ಡಬ್ಬಗಳನ್ನು ನೀರಿನ ತಟ್ಟೆಯಲ್ಲಿಟ್ಟೆ. ಅರಿಸಿನ ಚೆಲ್ಲಿದೆ, ಇಂಗು ಬಳಿದೆ, ಲವಂಗ ಇಟ್ಟೆ. ಇರುವೆಗಳು ಎರಡು ದಿನ ಸುತ್ತು ಹಾಕಿಕೊಂಡು ಹೋಗಿ ಮೂರನೆಯ ದಿನ ಬೇರೆ ದಾರಿಯಲ್ಲಿ ಬಂದವು.

ಆಮೇಲೆ ವಿಷದ ಕಾಲ ಬಂತು. ಆಗ ಎಲ್ಲರ ಮನೆಯಲ್ಲೂ ಇದ್ದದ್ದು ಗಮಾಕ್ಸಿನ್ ಪುಡಿ. ಹೊಸ್ತಿಲು, ಒಲೆಕಟ್ಟೆಯ ಮೂಲೆ, ಅಕ್ಕಿ ಡ್ರಮ್ಮಿನ ಸುತ್ತ, ರಂಗೋಲಿ ಹಾಕಿದಷ್ಟೇ ಸಲೀಸಾಗಿ ಉದುರಿಸುತ್ತಿದ್ದೆವು. ಅದೇ ಕೈಯಲ್ಲಿ ಮಗುವಿಗೆ ಅನ್ನ ಕಲಸುತ್ತಿದ್ದೆವು. ಬಿಎಚ್‌ಸಿ ಎಂಬ ಆ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಿದರು. ಅದರದೇ ಸಂತತಿಯಾದ ಲಿಂಡೇನ್ ಬಳಕೆ ನಿಂತದ್ದು 2013ರಲ್ಲಿ. ಅಷ್ಟು ವರ್ಷ ಅದನ್ನು ಬರಿಗೈಯಲ್ಲಿ ಮುಟ್ಟಿದವರು ಯಾರು? ನಾವೇ. "ಇರುವೆ ಇರಬಾರದು" ಎಂದು ಅಪ್ಪಣೆ ಕೊಟ್ಟವರು ಅಡುಗೆಮನೆಗೆ ಕಾಲಿಟ್ಟವರಲ್ಲ.

ಪುಡಿ ಹೋಯಿತು, ಇರುವೆ ಚಾಕ್‌ಪೀಸ್ ಬಂತು. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಹೆಸರಿಲ್ಲದ ಪೊಟ್ಟಣದಲ್ಲಿ ಮಾರುತ್ತಾರಲ್ಲ, ಅದನ್ನೇ ನಾನೂ ತಂದಿದ್ದೆ. ಒಂದು ಮಧ್ಯಾಹ್ನ ನಾಲ್ಕು ವರ್ಷದ ಮೊಮ್ಮಗ ಸದ್ದಿಲ್ಲದೆ ಕೂತಿದ್ದಾನಲ್ಲ ಎಂದು ಹೋಗಿ ನೋಡಿದರೆ, ಕೆಂಪು ನೆಲದ ಮೇಲೆ ದೊಡ್ಡದಾಗಿ 'ಅ' ಬರೆಯುತ್ತಿದ್ದಾನೆ. ಕೈಯಲ್ಲಿ ಆ ಚಾಕ್‌ಪೀಸು! ಬೆರಳೆಲ್ಲ ಬೆಳ್ಳಗೆ, ಹೆಬ್ಬೆರಳು ಬಾಯಲ್ಲಿ. ಕೈಬಾಯಿ ತೊಳೆದು ಆಟೋ ಹತ್ತಿ ಡಾಕ್ಟರ ಬಳಿ ಓಡಿದೆವು. "ಯಾವ ಔಷಧಿ, ಪೊಟ್ಟಣ ತಂದಿದ್ದೀರಾ?" ಎಂದು ಅವರು ಕೇಳಿದರು. ಪೊಟ್ಟಣದ ಮೇಲೆ ಇರುವೆಯ ಚಿತ್ರ ಬಿಟ್ಟು ಬೇರೇನಿರಲಿಲ್ಲ. ಮೂರು ಗಂಟೆ ಅಲ್ಲೇ ಕೂರಿಸಿಕೊಂಡು ನೋಡಿ ಮನೆಗೆ ಕಳಿಸಿದರು. ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ಮೂರು ಗಂಟೆ ನನ್ನ ಸೊಸೆ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ನಮ್ಮಲ್ಲಿ 1968ರಿಂದ ಕೀಟನಾಶಕ ಕಾಯಿದೆ ಇದೆ. ಪೊಟ್ಟಣದ ಮೇಲೆ ಒಳಗಿರುವ ವಿಷದ ಹೆಸರಿರಬೇಕು, ಬಣ್ಣದ ಗುರುತಿರಬೇಕು. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹೀಗೆ ಇಳಿಯುತ್ತಾ ಹೋಗುತ್ತದೆ. ಸೀರೆ ಕೊಳ್ಳುವಾಗ ಅಂಚು, ಸೆರಗು ತಿರುವಿ ತಿರುವಿ ನೋಡುವ ನಾವು ಈ ಬಣ್ಣ ನೋಡಿದ್ದೇವೆಯೇ? ಗುರುತಿಲ್ಲದ್ದನ್ನು ಮನೆಯೊಳಗೆ ತರಲೇಬಾರದು, ಮಕ್ಕಳಿರುವ ಮನೆಗಂತೂ ಖಂಡಿತ ಬೇಡ.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬಂತೆಂದುಕೊಂಡಿರಾ? ಇಲ್ಲ. ಚಾಕ್‌ಪೀಸು ಬಿಸಾಕಿದೆ, ಬೈಯುವುದನ್ನು ಬಿಡಲಿಲ್ಲ. ಕಳೆದ ಬೇಸಿಗೆಯಲ್ಲಿ ಕೆಲಸದಾಕೆಯ ಮೇಲೆ ಹಾರಾಡಿದೆ. "ಬೆಲ್ಲದ ಡಬ್ಬ ಸರಿಯಾಗಿ ಮುಚ್ಚೋಕೆ ಏನು ಕಷ್ಟ ನಿಂಗೆ?" ನಮ್ಮತ್ತೆಯ ಮಾತೇ ನನ್ನ ಬಾಯಲ್ಲಿ ಇನ್ನಷ್ಟು ಒರಟಾಗಿ ಬಂದಿತ್ತು. ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, "ಅಮ್ಮಾ, ಬೈಯೋದು ಆಮೇಲೆ ಬೈಯ್ರಿ. ಇಲ್ಲಿ ಬಂದು ನೋಡಿ. ಇವು ಬೆಲ್ಲಕ್ಕೆ ಹೋಗ್ತಾನೇ ಇಲ್ಲ. ಸಿಂಕಿನ ಕೆಳಗೆ ಹೋಗ್ತಾ ಅವೆ" ಎಂದಳು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಇರುವೆಯೊಡನೆ ಯುದ್ಧ ಮಾಡಿದ ನಾನು ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ!

ಸಾಲು ಹಿಡಿದು ಹೋದೆವು. ಸಿಂಕಿನ ಕೊಳವೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಗಾರೆ ಉದುರಿ ಎರಡು ಬೆರಳು ತೂರುವಷ್ಟು ಸಂದು. ಕೊಳವೆ ಜಿನುಗಿ ಜಿನುಗಿ ಗೋಡೆ ಒಳಗೇ ತೇವ ಕುಡಿದಿತ್ತು. ಬಿರುಬೇಸಿಗೆಯಲ್ಲಿ ಆ ಜೀವಗಳಿಗೆ ಬೇಕಾದದ್ದು ಬೆಲ್ಲವಲ್ಲ, ನೀರು. ಬೆಲ್ಲ ಸಿಕ್ಕಿದ್ದು ದಾರಿಯ ಮೇಲೆ. ಆ ಜಿನುಗು ಎಷ್ಟು ವರ್ಷದ್ದೋ! "ಗೋಡೆ ತೇವ ಆಗ್ತಿದೆ, ಸ್ವಲ್ಪ ನೋಡಿಸಿ" ಎಂದು ನಾನು ಹೇಳಿದಾಗಲೆಲ್ಲ ನಮ್ಮ ಯಜಮಾನರ ಉತ್ತರ ಒಂದೇ: "ಹಳೇ ಮನೆ ಕಣೇ, ಇದೆಲ್ಲಾ ಇದ್ದದ್ದೇ." ಆದರೆ ವರ್ಷಕ್ಕೆ ನಾಲ್ಕು ಸಲ ಔಷಧಿ ಹೊಡೆಯುವವರಿಗೆ ಮಾತ್ರ ತಪ್ಪದೆ ದುಡ್ಡು ಎಣಿಸುತ್ತಿದ್ದರು. ಮೇಸ್ತ್ರಿಗೆ ಇಲ್ಲದ ದುಡ್ಡು ವಿಷಕ್ಕೆ ಎಲ್ಲಿಂದ ಬರುತ್ತದೆ, ಹೇಳಿ?

ಇಲ್ಲಿಂದ ಮುಂದೆ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಇರುವೆ ಎಂದರೆ ಎಲ್ಲವೂ ಒಂದೇ ಅಲ್ಲ. ಗೋಧಿ ಬಣ್ಣದ, ಎರಡು ಮಿಲಿಮೀಟರಿನಷ್ಟು ಪುಟ್ಟ ಇರುವೆ ಇದೆ. ಅದು ಫರೋ ಇರುವೆ. ತಲೆ ಕಪ್ಪಾಗಿ, ಹೊಟ್ಟೆ, ಕಾಲು ಬಿಳಿಚಿಕೊಂಡು, ಇದ್ದೂ ಇಲ್ಲದಂತೆ ಕಾಣುವ ಇನ್ನೊಂದು ಸಣ್ಣ ಜಾತಿ ಇದೆ. ಹೊಸಕಿದರೆ ಕೆಟ್ಟ ಕೊಬ್ಬರಿಯಂಥ ವಾಸನೆ. ತೇವವೆಂದರೆ ಅದಕ್ಕೆ ಪ್ರಾಣ. ನಮ್ಮ ಸಿಂಕಿನದು ಅದೇ. ಉದ್ದ ಕಾಲಿನ, ಬಸ್ಸು ತಪ್ಪಿದವರಂತೆ ಅಡ್ಡಾದಿಡ್ಡಿ ಓಡುವ ಕಪ್ಪಿರುವೆ ಮತ್ತೊಂದು. ಕಚ್ಚಿದರೆ ಉರಿ ಹತ್ತುವ ಕೆಂಪಿರುವೆ ಮಣ್ಣಿನಲ್ಲಿ ಗೂಡು ಮಾಡಿ ನೆಲದ ಬಿರುಕಿನಿಂದ ಮೇಲೆ ಬರುತ್ತದೆ, ಎಣ್ಣೆಯಂಶದ ಕಾಳೆಂದರೆ ಅದಕ್ಕೆ ಹಬ್ಬ. ದಪ್ಪ ಕಪ್ಪು ಗೊದ್ದ ಹೆಚ್ಚಾಗಿ ಮರದ ಬುಡದ ವಾಸಿ, ರಾತ್ರಿ ಒಳಗೆ ಸುತ್ತಲು ಬರುತ್ತದೆ.

ಮೊದಲ ಮಳೆಯ ಮಾರನೆಯ ದಿನ ರೆಕ್ಕೆಯ ಹುಳು ಕಂಡರೆ ಮಾತ್ರ ಎಚ್ಚರ. ನಡು ಸಣ್ಣಗಿದ್ದು, ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ ಇದ್ದರೆ ಅದು ಇರುವೆ. ನಡುವೇ ಇಲ್ಲದೆ, ನಾಲ್ಕೂ ರೆಕ್ಕೆ ಒಂದೇ ಅಳತೆ ಇದ್ದರೆ ಅದು ಗೆದ್ದಲು. ಗೆದ್ದಲು ಮರ ತಿನ್ನುತ್ತದೆ. ಅದರ ಚಿಕಿತ್ಸೆಯೇ ಬೇರೆ, ಅದಕ್ಕೆ ತಿಳಿದವರನ್ನೇ ಕರೆಯಬೇಕು.

ಇನ್ನು ಔಷಧಿ ಹೊಡೆಯುವುದರ ಬಗ್ಗೆ. ನಮ್ಮ ಕಣ್ಣಿಗೆ ಬೀಳುವುದು ಮೇವಿಗೆ ಬಂದ ಕೂಲಿಗಳು ಮಾತ್ರ. ರಾಣಿ, ಮೊಟ್ಟೆ, ಮರಿ ಎಲ್ಲ ಗೋಡೆಯೊಳಗೆ ಕ್ಷೇಮ. ಸಾಲಿಗೆ ಹೊಡೆದರೆ ಸಾಲು ಸಾಯುತ್ತದೆ, ಗೂಡು ಉಳಿಯುತ್ತದೆ. ಫರೋ ಇರುವೆಯ ಒಂದು ಗೂಡಿನಲ್ಲಿ ಹಲವು ರಾಣಿಯರು. ಅಂಥದ್ದಕ್ಕೆ ಹೊಡೆದರೆ ಕುಟುಂಬ ಹಿಸೆಯಾಗಿ, ಒಂದು ಗೂಡು ಇದ್ದದ್ದು ನಾಲ್ಕಾಗುತ್ತದೆ. ದುಡ್ಡು ಕೊಟ್ಟು ಇರುವೆ ಸಾಕಿದ ಹಾಗೆ! ಆದ್ದರಿಂದ "ಇದು ಯಾವ ಇರುವೆ?" ಎಂದು ಕೇಳದೆ ಪಂಪು ಬಿಚ್ಚುವವನನ್ನು ಬಾಗಿಲಲ್ಲೇ ನಿಲ್ಲಿಸಿ.

ಹಾಗಾದರೆ ಮಾಡುವುದೇನು? ನಾನು ಮಾಡಿದ್ದು ಹೇಳುತ್ತೇನೆ. ಮೊದಲ ದಿನ ಸಾಲನ್ನು ಅಳಿಸಬಾರದು, ಹಿಂಬಾಲಿಸಬೇಕು. ಪುಡಿ ಬೆಲ್ಲ ಚಿಟಿಕೆ ಇಟ್ಟು, ಅವು ಹೊತ್ತುಕೊಂಡು ಹೋಗುವ ದಾರಿ ನೋಡಬೇಕು. ಕಿಟಕಿಯ ಚೌಕಟ್ಟು, ಸ್ವಿಚ್ ಬೋರ್ಡು, ನೆಲ ಗೋಡೆ ಕೂಡುವ ಸಂದು, ಬಚ್ಚಲ ಕೊಳವೆ, ಹಳೆ ಮನೆಯಲ್ಲಿ ಬಾಗಿಲುಗಳು ಇವೇ.

ಆಮೇಲೆ ಮೇವು. ಔಷಧದಂಗಡಿಯಲ್ಲಿ ಸಿಗುವ ಬೋರಿಕ್ ಪುಡಿ 5 ಗ್ರಾಂ, ಸಕ್ಕರೆ 50 ಗ್ರಾಂ, ಬಿಸಿನೀರು ಅರ್ಧ ಲೀಟರು. ಚೆನ್ನಾಗಿ ಕರಗಿಸಿ, ಹತ್ತಿಯಲ್ಲಿ ಅದ್ದಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಡಬ್ಬಿಯಲ್ಲಿಟ್ಟು ಸಾಲಿನ ಪಕ್ಕ ಇಡಬೇಕು. ಕೈ ಧಾರಾಳ ಮಾಡಿ ಪುಡಿ ಹೆಚ್ಚು ಹಾಕಿದರೆ ಕೆಟ್ಟಿತು. ಇರುವೆ ಮೂಸಿ ದೂರ ಹೋಗುತ್ತದೆ, ಇಲ್ಲವೆ ಗೂಡು ಸೇರುವ ಮೊದಲೇ ಸಾಯುತ್ತದೆ. ಇದು ಮೆಲ್ಲಗೆ ಕೆಲಸ ಮಾಡಬೇಕು. ಇರುವೆ ತಾನು ಕುಡಿದದ್ದನ್ನು ಗೂಡಿನಲ್ಲಿ ಬಾಯಿಂದ ಬಾಯಿಗೆ ಹಂಚುತ್ತದೆ, ರಾಣಿಗೂ ಅದೇ ಊಟ. ಎರಡು ಮೂರು ದಿನಕ್ಕೊಮ್ಮೆ ಮೇವು ಬದಲಿಸಬೇಕು. ಮೊದಲು ಇರುವೆ ಹೆಚ್ಚಾದಂತೆ ಕಾಣುತ್ತದೆ, ಹೆದರಬೇಡಿ. ಕೆಲವು ವಾರ ತಾಳ್ಮೆ ಬೇಕು. ಇದೂ ವಿಷವೇ ಎಂಬುದು ನೆನಪಿರಲಿ. ಮಗುವಿನ, ನಾಯಿ ಬೆಕ್ಕಿನ ಬಾಯಿಗೆ ನಿಲುಕಬಾರದು, ಸೀಸೆಯ ಮೇಲೆ 'ವಿಷ' ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಸಾಲು ಖಾಲಿಯಾದ ಮೇಲೆ ಸೋಪಿನ ನೀರಿನಲ್ಲಿ ಒರೆಸಬೇಕು, ಅವು ದಾರಿಗೆ ಹಚ್ಚಿದ ವಾಸನೆ ಹೋಗಲಿ ಎಂದು. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಸಂದು ಮುಚ್ಚಬೇಕು, ಸೋರಿಕೆ ನಿಲ್ಲಿಸಬೇಕು. ಗೋಡೆಗೆ ತಾಗುವ ಕೊಂಬೆ ಕತ್ತರಿಸಬೇಕು. ದಾಸವಾಳದ ಮೇಲೆ ಬಿಳಿ ಹಿಟ್ಟಿನಂಥ ತಿಗಣೆ ಕೂತಿದ್ದರೆ, ಅದು ಸುರಿಸುವ ಸಿಹಿಗಾಗಿ ಇರುವೆ ಅದನ್ನು ಹಸು ಸಾಕಿದಂತೆ ಸಾಕುತ್ತದೆ. ಅದನ್ನೂ ತೊಳೆಯಬೇಕು.

ನಮ್ಮ ಮನೆಯ ಪ್ಲಂಬರು, ಮೇಸ್ತ್ರಿ, ಸಿಮೆಂಟು ಎಲ್ಲದರ ಖರ್ಚು ಎರಡು ಸಲದ ಔಷಧಿ ದುಡ್ಡಿಗಿಂತ ಕಡಿಮೆಯಾಯಿತು. ಲೆಕ್ಕದ ಪುಸ್ತಕ ಯಜಮಾನರ ಮುಂದೆ ಇಟ್ಟೆ. ಕನ್ನಡಕ ಒರೆಸಿಕೊಂಡರು, ಮಾತಾಡಲಿಲ್ಲ.

"ಅದೂ ಒಂದು ಜೀವ, ಇದ್ದರೆ ಇರಲಿ ಬಿಡಿ" ಎನ್ನುವವರೂ ಇದ್ದಾರೆ. ಬಾಗಿಲಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಇಟ್ಟು ಇರುವೆಗೆ ಅನ್ನ ಹಾಕಿದ ಮನೆತನ ನಮ್ಮದು. ನನಗೂ ಆ ಮಾತು ಒಪ್ಪಿಗೆಯೇ. ಅಂಗಳದಲ್ಲಿ ಇರಲಿ, ಸುಖವಾಗಿರಲಿ. ಒಳಗೆ ಬರದಂತೆ ಗೋಡೆ ಭದ್ರ ಮಾಡಿದರೆ ಕೊಲ್ಲುವ ಪಾಪವೂ ತಪ್ಪುತ್ತದಲ್ಲ? ಜೀವದಯೆಗೂ ಮೇಸ್ತ್ರಿಯೇ ಬೇಕು.

ಇರುವೆ ಈಗ ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಮಳೆ ಹಿಡಿದಾಗ ನಾಲ್ಕಾರು ಬರುತ್ತವೆ. ಬಂದಾಗ ನಾನು, ಕೆಲಸದಾಕೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ದಾರಿ ಹುಡುಕುತ್ತೇವೆ. ಅವಳ ಕಣ್ಣು ನನಗಿಂತ ಚುರುಕು. ಅವತ್ತು ಬೈದದ್ದಕ್ಕೆ "ತಪ್ಪಾಯ್ತು" ಎಂದು ನಾನು ಹೇಳಿದಾಗ ಅವಳು, "ಇರ್ಲಿ ಬಿಡಿ ಅಮ್ಮಾ, ನಮ್ಮತ್ತೇನೂ ನನ್ನ ಹಿಂಗೇ ಅಂತಿದ್ರು" ಎಂದು ನಕ್ಕಳು.

ನಗುವ ಮಾತಲ್ಲ ಅದು. ಅತ್ತೆ ಸೊಸೆಗೆ, ಸೊಸೆ ಕೆಲಸದವಳಿಗೆ, ಕೆಲಸದವಳು ಮನೆಗೆ ಹೋಗಿ ಮಗಳಿಗೆ. ಇರುವೆಯ ಸಾಲಿಗಿಂತ ಉದ್ದ ಈ ಬೈಗುಳದ ಸಾಲು. ಇದನ್ನು ಯಾರಾದರೂ ಒಬ್ಬರು ಒರೆಸಬೇಕು. ಮುಂದಿನ ಸಲ ನಿಮ್ಮ ಡಬ್ಬದಲ್ಲಿ ಇರುವೆ ಕಂಡಾಗ ನೆಂಟರ ಮುಂದೆ ತಲೆ ತಗ್ಗಿಸಬೇಡಿ. ತಲೆ ಎತ್ತಿ ಗೋಡೆ ನೋಡಿ. ಯಜಮಾನರನ್ನೂ ಕರೆದು ತೋರಿಸಿ.