ಬೆಳಕಿಲ್ಲದೆಡೆಯ ಮಿಂಚು

ಬಿಕರ್ನಕಟ್ಟೆಯ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದಾಗ, ಪಿಲಿಕುಳದ ತಾರಾಲಯವನ್ನು ನೋಡಿಬಂದಿದ್ದ ಆ ಮನೆಯ ಮಗಳು ಕೇಳಿದಳು: "ಗುರುಗಳೇ, ಕಪ್ಪುಕುಳಿಯಿಂದ ಬೆಳಕೇ ಹೊರಬರುವುದಿಲ್ಲವಂತೆ. ಹಾಗಿದ್ದರೆ ಎರಡು ಕಪ್ಪುಕುಳಿಗಳು ಕೂಡಿದಾಗ ಬೆಳಕು ಕಂಡಿತೆನ್ನುವುದು ಹೇಗೆ?" ಪ್ರಶ್ನೆ ಸಮಂಜಸವಾದುದು. ಅಂದು ಕೊಟ್ಟ ಉತ್ತರವನ್ನೇ ಓದುಗ ಬಂಧುಗಳಿಗಾಗಿ ಇಲ್ಲಿ ವಿಸ್ತರಿಸಿದ್ದೇವೆ.

2019ರ ಮೇ 21ರಂದು ಅಮೆರಿಕದ ಲೈಗೋ ಮತ್ತು ಇಟಲಿಯ ವರ್ಗೋ ಉಪಕರಣಗಳು ಒಂದು ಗುರುತ್ವ ಅಲೆಯನ್ನು ಗುರುತಿಸಿದವು. ಅದು ಇದ್ದುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ. ಸೂರ್ಯನ ಸುಮಾರು 85 ಮತ್ತು 66 ಪಟ್ಟು ದ್ರವ್ಯರಾಶಿಯ ಎರಡು ಕುಳಿಗಳು ಸೇರಿ 142 ಪಟ್ಟಿನ ಒಂದು ಕುಳಿಯಾಗಿತ್ತು. ಉಳಿದುದು ಅಲೆಯಾಗಿ ಹರಡಿತು.

ಹೀಗೆ ಹುಟ್ಟಿದ ಕುಳಿಯು ಬಾರಿಸಿದ ಗಂಟೆಯಂತೆ ಕೊಂಚ ಹೊತ್ತು ಕಂಪಿಸಿ ಶಾಂತವಾಗುತ್ತದೆ. ಆ ಕಂಪನದಿಂದ ಕುಳಿಯ ತೂಕವನ್ನು ತಿಳಿಯಬಹುದು. ಇದನ್ನು 1970ರಲ್ಲೇ ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು, ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಪುತ್ರರು, ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ಮೊದಲ ಅಲೆ ಸಿಕ್ಕಿತೆಂಬ ಘೋಷಣೆ 2016ರ ಫೆಬ್ರುವರಿಯಲ್ಲಿ ಹೊರಟಾಗ ಅವರು ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ನಟರ ಹುಟ್ಟುಹಬ್ಬ ಬಲ್ಲ ನಮ್ಮ ಮಕ್ಕಳಿಗೆ ಈ ಹೆಸರು ತಿಳಿಯದಿರುವುದು ಮಕ್ಕಳ ತಪ್ಪಲ್ಲ.

ಇನ್ನು ಮಿಂಚಿನ ಮಾತು. 85 ಪಟ್ಟಿನ ಕುಳಿ ಒಂದೇ ನಕ್ಷತ್ರದ ಸಾವಿನಿಂದ ಹುಟ್ಟುವುದು ಕಷ್ಟ. ಅಷ್ಟು ದೊಡ್ಡ ನಕ್ಷತ್ರ ಏನೂ ಉಳಿಯದಂತೆ ಸಿಡಿದುಹೋಗುತ್ತದೆ. ಆದುದರಿಂದ ಅದೂ ಹಿಂದೊಮ್ಮೆ ಎರಡು ಕೂಡಿ ಆದುದಿರಬೇಕೆಂಬ ಊಹೆ. ಆದರೆ ಕೂಡಿದ ಕುಳಿ ಒಂದು ಒದೆತ ತಿಂದು ದೂರ ಹಾರುವುದುಂಟು. ಅದನ್ನು ಹಿಡಿದಿಡಬಲ್ಲ ಸ್ಥಳವೆಂದರೆ ಗೆಲಾಕ್ಸಿಯ ನಡುವೆ ಕುಳಿತ, ಕೋಟಿಗಟ್ಟಲೆ ಸೂರ್ಯರಷ್ಟು ಭಾರದ ಮಹಾಕುಳಿಯ ನೆರೆ. ಅದರ ಸುತ್ತ ಅನಿಲದ ತಟ್ಟೆಯೊಂದು ತಿರುಗುತ್ತಿರುತ್ತದೆ. ಮಳೆಗಾಲದ ನೇತ್ರಾವತಿಯ ಸುಳಿಗೆ ಸಿಕ್ಕ ಎರಡು ತೆಂಗಿನಕಾಯಿಗಳು ಹತ್ತಿರವಾಗುವಂತೆ ಚಿಕ್ಕ ಕುಳಿಗಳು ಅಲ್ಲಿ ಜೊತೆಗೂಡುತ್ತವೆ. ಒದೆತ ತಿಂದ ಹೊಸ ಕುಳಿ ಅನಿಲವನ್ನು ಸೀಳಿಕೊಂಡು ಹೋಗುವಾಗ ಅನಿಲವು ಕಾದು ಬೆಳಗುತ್ತದೆ. ಬೆಳಕು ಅನಿಲದ್ದು, ಕುಳಿಯದಲ್ಲ.

ಆ ಅಲೆ ಬಂದ ತಿಂಗಳೊಂದರ ಬಳಿಕ ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕಕ್ಕೆ ಅಂತಹ ಒಂದು ಗೆಲಾಕ್ಸಿ ಬೆಳಗಿದ್ದು ಕಂಡಿತು; 2020ರಲ್ಲಿ ಅದು ಪ್ರಕಟವಾಯಿತು. ಆದರೆ ಇಂತಹ ಗೆಲಾಕ್ಸಿಗಳು ತಾವಾಗಿಯೂ ಮಿನುಗುತ್ತವೆ, ಎರಡೂ ಆಕಸ್ಮಿಕವಾಗಿ ಒದಗಿರಬಹುದೆಂದು ಬೇರೆಯವರು ಆಕ್ಷೇಪಿಸಿದ್ದಾರೆ. ಆಕ್ಷೇಪಕ್ಕೆ ತೂಕವಿದೆಯೆಂದೇ ನಮ್ಮ ಎಣಿಕೆ. ಅಲೆ ಬಂದ ದಿಕ್ಕನ್ನು ಅಂದು ಆಕಾಶದ ವಿಶಾಲ ಭಾಗವೊಂದಕ್ಕೆ ಸೀಮಿತಗೊಳಿಸಲಾಗಿತ್ತೇ ಹೊರತು ಒಂದು ಬಿಂದುವಿಗಲ್ಲ.

ಬೀದರದ ಗಡಿಯಾಚೆ ಮರಾಠವಾಡದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ಸ್ಥಾಪನೆಗೆ ಕೇಂದ್ರ ಸಂಪುಟ 2023ರ ಏಪ್ರಿಲಿನಲ್ಲಿ ಒಪ್ಪಿಗೆಯಿತ್ತಿದೆ. ದೂರದ ಇನ್ನೊಂದು ಉಪಕರಣ ಸೇರಿದಷ್ಟೂ ದಿಕ್ಕು ನಿಖರವಾಗುತ್ತದೆ. ಆಗ ದೂರದರ್ಶಕವನ್ನು ಯಾವ ಗೆಲಾಕ್ಸಿಯ ಕಡೆಗೆ ತಿರುಗಿಸಬೇಕೆಂಬುದು ಬೇಗನೆ ತಿಳಿಯುತ್ತದೆ.